ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಿದ ಗ್ರೇಸ್ ಹಾಪರ್

ಪರಭಾಷೆಯ ಪಟ್ಟಣಗಳಲ್ಲಿ ಬದುಕನ್ನು ಕಟ್ಟಿಕೊಂಡಿರುವ ನಮ್ಮಂಥವರಿಗೆ ದುಭಾಷಿಯ ಬೆಲೆಯೇನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನಿಂದ ಬಂದ ಮೊದಲ ವಾರದಲ್ಲಿ, ಗಿರಾಕಿಯ ಮಾತನ್ನು ನಮಗೂ ನಮ್ಮ ಮಾತನ್ನು ಗಿರಾಕಿಗೂ ತಿಳಿಸಿಕೊಟ್ಟ ಹಿರಿಯ ಮಾಣಿಯೊಬ್ಬನ ನೆನಪು ಹಲವರಲ್ಲಿ ಇಂದಿಗೂ ಉಳಿದಿರಬಹುದು. ಅಂಥದೇ ಒಬ್ಬ ದುಭಾಷಿ ಕಂಪ್ಯೂಟರಿನ ಒಳಗೂ ಇರುವನೆಂದರೆ ವಾಚಕರಿಗೆ ಸೋಜಿಗವಾದೀತು. ಸಂಬಳವು ಬ್ಯಾಂಕಿನ ಖಾತೆಗೆ ಜಮೆಯಾಗುವುದು, ಊರಿಗೆ ಕಳುಹಿಸಿದ ಹಣವು ಕ್ಷಣಮಾತ್ರದಲ್ಲಿ ತಾಯಿಯ ಖಾತೆಯನ್ನು ಸೇರುವುದು, ರೈಲಿನಲ್ಲಿ ಸ್ಥಳವು ಕಾದಿರಿಸಲ್ಪಡುವುದು, ಇವೆಲ್ಲವೂ ಆ ಯಂತ್ರದ ಕೆಲಸಗಳೇ. ಆದರೆ ಯಂತ್ರಕ್ಕೆ ತಿಳಿದಿರುವ ಭಾಷೆ ಸಂಖ್ಯೆಗಳದ್ದು ಮಾತ್ರ. ಮನುಷ್ಯನು ತನಗೆ ತಿಳಿಯುವ ಪದಗಳಲ್ಲಿ ಬರೆದುದನ್ನು ಯಂತ್ರದ ಸಂಖ್ಯೆಗಳಿಗೆ ತಿರುಗಿಸಿಕೊಡುವ ದುಭಾಷಿಗೆ ಕಂಪೈಲರ್ ಎಂದು ಹೆಸರು. ಅದು ಮನುಷ್ಯನಲ್ಲ, ಯಂತ್ರದೊಳಗೇ ನಡೆಯುವ ಆದೇಶಗಳ ಒಂದು ಸರಣಿ. ಅಂಥ ದುಭಾಷಿಯನ್ನು ನಿರ್ಮಿಸಿದ ಮೊದಲಿಗರಲ್ಲಿ ಅಗ್ರಗಣ್ಯರಾದ ಅಮೇರಿಕದ ಗ್ರೇಸ್ ಹಾಪರರ ಜೀವನವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗ್ರೇಸ್ ಬ್ರೂಸ್ಟರ್ ಮರ್ರೆಯ ಜನನವು ೧೯೦೬ನೆಯ ಇಸವಿ ಡಿಸೆಂಬರ್ ೯ರಂದು ನ್ಯೂಯಾರ್ಕ್ ನಗರದಲ್ಲಾಯಿತು. ತಂದೆ ವಿಮೆಯ ವ್ಯವಹಾರವನ್ನು ನಡೆಸುತ್ತಿದ್ದರು. ಮೂವರು ಮಕ್ಕಳಲ್ಲಿ ಈಕೆಯೇ ಹಿರಿಯಳು. ಏಳು ವರ್ಷದವಳಾಗಿದ್ದಾಗ ಗಂಟೆ ಬಾರಿಸುವ ಗಡಿಯಾರವು ಒಳಗೆ ಹೇಗೆ ಕೆಲಸ ಮಾಡುವುದೆಂದು ನೋಡುವ ಕುತೂಹಲ ಹುಟ್ಟಿ, ಗಡಿಯಾರವೊಂದನ್ನು ಬಿಚ್ಚಿದಳು. ಮರಳಿ ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲೆಂದು ಎರಡನೆಯದನ್ನು ಬಿಚ್ಚಿದಳು, ಅನಂತರ ಮೂರನೆಯದನ್ನು. ತಾಯಿ ಬಂದು ನೋಡುವ ಹೊತ್ತಿಗೆ ಮನೆಯ ಏಳು ಗಡಿಯಾರಗಳೂ ಬಿಡಿಬಿಡಿಯಾಗಿದ್ದವು. ತಾಯಿ ಶಿಕ್ಷಿಸಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರದೊಡನೆ ಆಡಬೇಕೆಂದು ಕಟ್ಟುಮಾಡಿದರು.

ತಂದೆಯವರು ರೋಗದಿಂದ ಎರಡೂ ಕಾಲುಗಳನ್ನು ಕಳೆದುಕೊಂಡಿದ್ದರು. ತಾವು ಇಲ್ಲದಿದ್ದರೂ ಹೆಣ್ಣುಮಕ್ಕಳು ಸ್ವಂತ ದುಡಿಮೆಯಿಂದ ಬಾಳುವಂತಾಗಬೇಕೆಂಬುದು ಅವರ ಅಭಿಲಾಷೆಯಾಗಿತ್ತು. ಆದುದರಿಂದ ಮಗನಿಗೆ ದೊರೆತ ವಿದ್ಯೆಯು ಹೆಣ್ಣುಮಕ್ಕಳಿಗೂ ದೊರೆಯಿತು. ಗಣಿತದಲ್ಲಿ ಮುಂದಿದ್ದ ಗ್ರೇಸಳು ವಾಸರ್ ಕಾಲೇಜಿನ ಪ್ರವೇಶಕ್ಕೆ ಅರ್ಜಿ ಹಾಕಿದಾಗ ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ಸಾಕಷ್ಟು ಅಂಕಗಳು ಬಾರದೆ ಹಿಂದೆ ಬೀಳಬೇಕಾಯಿತು. ಒಂದು ವರ್ಷ ಕಾದು, ಮತ್ತೆ ಓದಿ, ಹದಿನೇಳನೆಯ ವಯಸ್ಸಿನಲ್ಲಿ ಪ್ರವೇಶವನ್ನು ಸಂಪಾದಿಸಿದಳು. ಮುಂದೆ ಯಂತ್ರಕ್ಕೆ ಮನುಷ್ಯರ ಪದಗಳನ್ನು ಕಲಿಸಿದಾಕೆಯನ್ನು ಮೊದಲು ತಡೆದು ನಿಲ್ಲಿಸಿದ್ದು ಒಂದು ಭಾಷೆಯ ಪರೀಕ್ಷೆಯೆಂಬುದು ಗಮನಿಸತಕ್ಕ ಸಂಗತಿ.

೧೯೨೮ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ, ೧೯೩೦ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ, ೧೯೩೪ರಲ್ಲಿ ಅಲ್ಲಿಯೇ ಗಣಿತದಲ್ಲಿ ಡಾಕ್ಟರೇಟು ದೊರೆತವು. ೧೯೩೦ರಲ್ಲಿ ವಿನ್ಸೆಂಟ್ ಹಾಪರ್ ಎಂಬ ಅಧ್ಯಾಪಕರೊಡನೆ ವಿವಾಹವಾಯಿತು. ೧೯೩೧ರಿಂದ ವಾಸರ್ ಕಾಲೇಜಿನಲ್ಲಿ ವರ್ಷಕ್ಕೆ ೮೦೦ ಡಾಲರುಗಳ ಸಂಬಳದ ಮೇಲೆ ಗಣಿತವನ್ನು ಬೋಧಿಸತೊಡಗಿದರು. ಮಕ್ಕಳಾಗಲಿಲ್ಲ. ೧೯೪೫ರಲ್ಲಿ ಆ ವಿವಾಹವು ವಿಚ್ಛೇದನದಲ್ಲಿ ಕೊನೆಗಂಡರೂ ಹಾಪರ್ ಎಂಬ ಹೆಸರು ಮಾತ್ರ ಅವರೊಡನೆ ಉಳಿಯಿತು.

ನೌಕಾದಳದಲ್ಲಿ

೧೯೪೧ರ ಡಿಸೆಂಬರಿನಲ್ಲಿ ಅಮೇರಿಕವು ಮಹಾಯುದ್ಧವನ್ನು ಪ್ರವೇಶಿಸಿತು. ಹಾಪರರ ಮುತ್ತಾತನು ನೌಕಾದಳದ ಅಧಿಕಾರಿಯಾಗಿದ್ದವನು. ತಾವೂ ನೌಕಾದಳವನ್ನು ಸೇರಬೇಕೆಂದು ಅವರು ಹಟ ಹಿಡಿದರು. ಆದರೆ ವಯಸ್ಸು ಮೀರಿದೆಯೆಂದೂ, ತೂಕವು ನಿಯಮಕ್ಕಿಂತ ಸುಮಾರು ೧೫ ಪೌಂಡು ಕಡಿಮೆಯಿದೆಯೆಂದೂ, ಗಣಿತದ ಅಧ್ಯಾಪಕಿಯಾಗಿಯೇ ದೇಶಕ್ಕೆ ಹೆಚ್ಚು ಉಪಯೋಗವೆಂದೂ ಅಧಿಕಾರಿಗಳು ನಿರಾಕರಿಸಿದರು. ಹಾಪರರು ಬಿಡದೆ ವಿಶೇಷ ಅನುಮತಿಗಳನ್ನು ಪಡೆದು, ೧೯೪೩ರ ಡಿಸೆಂಬರಿನಲ್ಲಿ, ತಮ್ಮ ೩೭ನೆಯ ವಯಸ್ಸಿನಲ್ಲಿ, ನೌಕಾದಳದ ಮೀಸಲು ಪಡೆಯನ್ನು ಸೇರಿದರು. ಎಷ್ಟೋ ಕಿರಿಯರಾದ ಹುಡುಗಿಯರೊಡನೆ ಕವಾಯತು ಮಾಡಿ, ತರಬೇತಿಯಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದರು.

ಹಡಗನ್ನು ಏರಲು ಹೊರಟವರನ್ನು ೧೯೪೪ರ ಜುಲೈ ತಿಂಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಗೆ ಕಳುಹಿಸಲಾಯಿತು. ಅಲ್ಲಿ ಹೊವಾರ್ಡ್ ಐಕೆನ್ ಎಂಬ ಅಧಿಕಾರಿಯ ಕೈಕೆಳಗೆ ಮಾರ್ಕ್ ಒಂದು ಎಂಬ ಮಹಾಯಂತ್ರವಿತ್ತು. ೫೧ ಅಡಿ ಉದ್ದ, ೮ ಅಡಿ ಎತ್ತರ, ಒಳಗೆ ಏಳು ಲಕ್ಷಕ್ಕೂ ಮಿಕ್ಕಿದ ಬಿಡಿಭಾಗಗಳು. ಇಷ್ಟೆಲ್ಲ ಇದ್ದೂ ಅದು ಒಂದು ಸೆಕೆಂಡಿಗೆ ಮೂರು ಸಂಕಲನಗಳನ್ನು ಮಾತ್ರ ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡು ಬೇಕಾಗುತ್ತಿತ್ತು. ಆದರೂ ಹಗಲಿರುಳು ದಣಿಯದೆ ಎಣಿಸುತ್ತಿದ್ದುದರಿಂದ ಫಿರಂಗಿಗಳ ಕೋಷ್ಟಕಗಳಿಗೆ ಅದು ಅನಿವಾರ್ಯವಾಗಿತ್ತು. ಅದೇ ವರ್ಷ ಗಣಿತಜ್ಞ ವಾನ್ ನಾಯ್ಮನ್ನರು ತಂದ ಲೆಕ್ಕವೊಂದು ಆ ಯಂತ್ರದ ಮೇಲೆ ನಡೆಯಿತು. ಅದು ಅಣುಬಾಂಬಿನ ನಿರ್ಮಾಣಕ್ಕೆ ಸಂಬಂಧಿಸಿದುದೆಂಬುದು ಅಲ್ಲಿ ದುಡಿಯುತ್ತಿದ್ದವರಿಗೆ ತಿಳಿದದ್ದು ಅನಂತರವೇ.

ನಕಲಿನ ತೊಡಕು

ಈ ಯಂತ್ರಕ್ಕೆ ಆದೇಶ ಕೊಡುವ ಬಗೆಯು ಬಹಳ ಕಷ್ಟಕರವಾಗಿತ್ತು. ಕಾಗದದ ಪಟ್ಟಿಯ ಮೇಲೆ ಸಾಲುಸಾಲಾಗಿ ರಂಧ್ರಗಳನ್ನು ಕೊರೆದು, ಯಾವ ಸಂಖ್ಯೆಯನ್ನು ಎಲ್ಲಿಂದ ತೆಗೆಯಬೇಕು, ಏನು ಮಾಡಬೇಕು, ಎಲ್ಲಿ ಇಡಬೇಕು ಎಂದು ಹೆಜ್ಜೆಹೆಜ್ಜೆಗೂ ತಿಳಿಸಬೇಕಾಗಿತ್ತು. ಒಂದು ರಂಧ್ರ ತಪ್ಪಿದರೆ ಇಡೀ ಲೆಕ್ಕವೇ ಕೆಡುವುದು. ಆದುದರಿಂದ ಹಾಪರರೂ ಸಂಗಡಿಗರೂ ಒಮ್ಮೆ ಸರಿಬಂದ ಆದೇಶಗಳ ತುಣುಕುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು.

ನಕಲಿನಲ್ಲಿ ಎರಡು ತೊಡಕುಗಳಿದ್ದವು. ಕಚೇರಿಯ ಗುಮಾಸ್ತರಿಗೆ ಇವು ಹೊಸವಲ್ಲ. ಹಳೆಯ ಖಾತೆಪುಸ್ತಕದ ಹತ್ತು ಪುಟಗಳನ್ನು ಹೊಸ ಪುಸ್ತಕದ ನೂರನೆಯ ಪುಟದ ಅನಂತರ ಸೇರಿಸಬೇಕಾಯಿತೆನ್ನೋಣ. ಹಳೆಯದರಲ್ಲಿ ಮೂರನೆಯ ಪುಟವನ್ನು ನೋಡಿ ಎಂದಿದ್ದಲ್ಲೆಲ್ಲ ನೂರಮೂರನೆಯ ಪುಟವನ್ನು ನೋಡಿ ಎಂದು ತಿದ್ದಬೇಕು. ಒಂದೆಡೆ ಬಿಟ್ಟರೂ ಲೆಕ್ಕವು ದಾರಿ ತಪ್ಪುವುದು. ಯಂತ್ರದ ಆದೇಶಗಳಲ್ಲಿಯೂ ಹೀಗೆಯೇ ಸ್ಥಾನಸಂಖ್ಯೆಗಳನ್ನು ಕೂಡಿಸಿ ತಿದ್ದಬೇಕಾಗಿತ್ತು. ಗಣಿತದಲ್ಲಿ ಡಾಕ್ಟರೇಟು ಪಡೆದವರು ಸಹ ಈ ಸಣ್ಣ ಸಂಕಲನದಲ್ಲಿ ತಪ್ಪುತ್ತಿದ್ದರು, ನಕಲಿನಲ್ಲಿಯೂ ತಪ್ಪುತ್ತಿದ್ದರು. ಕೂಡಿಸುವುದಕ್ಕೂ ನಕಲು ಮಾಡುವುದಕ್ಕೂ ಮನುಷ್ಯನಿಗಿಂತ ಯಂತ್ರವೇ ಮೇಲಾದುದರಿಂದ, ಈ ಚಾಕರಿಯನ್ನು ಅದಕ್ಕೇ ಏಕೆ ಒಪ್ಪಿಸಬಾರದೆಂಬ ಯೋಚನೆಯು ಹಾಪರರ ಮನಸ್ಸಿನಲ್ಲಿ ಬೇರೂರಿತು.

೧೯೪೭ರ ಸೆಪ್ಟೆಂಬರ್ ೯ರಂದು, ಮುಂದಿನ ಯಂತ್ರವಾದ ಮಾರ್ಕ್ ಎರಡು ನಿಂತುಹೋದಾಗ ಅದರ ರಿಲೇಯೊಂದರಲ್ಲಿ ಸಿಲುಕಿ ಸತ್ತಿದ್ದ ಪತಂಗವೊಂದು ದೊರೆಯಿತು. ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ ವಿನೋದದ ಟಿಪ್ಪಣಿಯನ್ನು ಬರೆದಿಟ್ಟರು. ಯಂತ್ರದ ದೋಷಕ್ಕೆ ಹುಳು ಎನ್ನುವ ರೂಢಿಯು ಆ ದಿನವೇ ಹುಟ್ಟಿತೆಂದೂ, ಹುಳುವನ್ನು ಹಿಡಿದವರು ಹಾಪರರೇ ಎಂದೂ ಹಲವರು ಬರೆಯುವುದುಂಟು. ಎರಡೂ ಸರಿಯಲ್ಲ. ಆ ಮಾತು ಎಡಿಸನ್ನನ ಕಾಲದಿಂದಲೂ ಬಳಕೆಯಲ್ಲಿತ್ತು. ಕತೆಯನ್ನು ರಸವತ್ತಾಗಿ ಹೇಳಿ ಹರಡಿದವರು ಮಾತ್ರ ಹಾಪರರು.

ಯುದ್ಧವು ಮುಗಿದ ಮೇಲೆ ನೌಕಾದಳದ ಕಾಯಂ ಕೆಲಸಕ್ಕೆ ವಯಸ್ಸು ಅಡ್ಡಬಂದಿತು. ಹಾರ್ವರ್ಡಿನಲ್ಲಿಯೂ ಸ್ಥಿರವಾದ ನೆಲೆ ದೊರೆಯಲಿಲ್ಲ. ಸಂಸಾರ ಮುರಿದು, ಕೆಲಸದ ಭಾರ ಹೆಚ್ಚಿದ ಆ ವರ್ಷಗಳಲ್ಲಿ ಅವರು ಮದ್ಯಪಾನಕ್ಕೆ ತುತ್ತಾದುದೂ, ಮಿತ್ರರು ಎಚ್ಚರಿಕೆ ಹೇಳಬೇಕಾಗಿ ಬಂದುದೂ ಅವರ ಚರಿತ್ರಕಾರರು ಮರೆಮಾಡದ ಸಂಗತಿಗಳು. ೧೯೪೯ರಲ್ಲಿ ಫಿಲಡೆಲ್ಫಿಯಾ ನಗರದ ಎಕರ್ಟ್ ಮಾಕ್ಲಿ ಕಂಪೆನಿಯನ್ನು ಸೇರಿದುದು ಅವರ ಬಾಳಿನ ಎರಡನೆಯ ಪ್ರಾರಂಭವೆನ್ನಬಹುದು.

ಎಂಟಕ್ಕೆ ಹತ್ತೆಂದ ಲೆಕ್ಕ

ಆ ಕಂಪೆನಿಯ ಬಿನಾಕ್ ಎಂಬ ಯಂತ್ರದ ಆದೇಶಗಳನ್ನು ಎಂಟರ ಲೆಕ್ಕದಲ್ಲಿ ಬರೆಯಬೇಕಾಗಿತ್ತು. ಏಳರವರೆಗೆ ಎಣಿಸಿ, ಎಂಟಕ್ಕೆ ಒಂದು ಮತ್ತು ಸೊನ್ನೆಯನ್ನು ಬರೆಯುವ ಪದ್ಧತಿಯದು. ಹಾಪರರು ಈ ಲೆಕ್ಕದಲ್ಲಿ ಎಷ್ಟು ಪಳಗಿದರೆಂದರೆ, ಅವರ ಸ್ವಂತ ಬ್ಯಾಂಕಿನ ಖಾತೆಯು ತಿಂಗಳುಗಟ್ಟಲೆ ತಾಳೆಯಾಗಲಿಲ್ಲ. ಬ್ಯಾಂಕಿನ ಉದ್ಯೋಗದಲ್ಲಿದ್ದ ತಮ್ಮನು ಹಲವು ಸಂಜೆಗಳನ್ನು ಕಳೆದು ಪರಿಶೀಲಿಸಿದಾಗ, ಅಕ್ಕನು ನಡುನಡುವೆ ಎಂಟರ ಲೆಕ್ಕದಲ್ಲಿ ವ್ಯವಕಲನ ಮಾಡಿರುವುದು ಬೆಳಕಿಗೆ ಬಂದಿತು. ಇದು ನಗೆಯ ಪ್ರಸಂಗವೇ ಸರಿ. ಆದರೆ ಹಾಪರರಿಗೆ ಇದರಲ್ಲಿ ಪಾಠವೊಂದು ಕಂಡಿತು. ಯಂತ್ರದ ಭಾಷೆಯನ್ನು ಕಲಿಯಲು ಹೋಗಿ ಮನುಷ್ಯನು ತನ್ನ ಮನೆಯ ಲೆಕ್ಕವನ್ನೇ ಮರೆಯುವುದಾದರೆ, ಬಾಗಬೇಕಾದುದು ಮನುಷ್ಯನಲ್ಲ, ಯಂತ್ರ.

ಮೊದಲನೆಯ ಕಂಪೈಲರ್

೧೯೫೧ರ ಅಕ್ಟೋಬರಿನಿಂದ ೧೯೫೨ರ ಮೇ ತಿಂಗಳವರೆಗೆ ದುಡಿದು, ಯೂನಿವ್ಯಾಕ್ ಎಂಬ ಯಂತ್ರಕ್ಕಾಗಿ ಹಾಪರರು ಎ ಸೊನ್ನೆ ಎಂಬ ಕಂಪೈಲರನ್ನು ಸಿದ್ಧಪಡಿಸಿದರು. ಇದರ ಕಾರ್ಯಕ್ರಮವನ್ನು ಹೋಟೆಲಿನಲ್ಲಿ ದುಡಿಯುವವರು ಸುಲಭವಾಗಿ ಗ್ರಹಿಸಬಲ್ಲರು. ಗಿರಾಕಿಯು ಮಸಾಲೆ ದೋಸೆ ಎಂದಷ್ಟೇ ಹೇಳುವನು. ಅಕ್ಕಿ ಉದ್ದುಗಳನ್ನು ನೆನೆಹಾಕಿ, ರುಬ್ಬಿ, ಹುದುಗಿಸಿ ಎಂದು ಅವನು ಹೇಳುವುದಿಲ್ಲ. ಹಿಟ್ಟು, ಪಲ್ಯ, ಚಟ್ನಿಗಳು ಬೇರೆ ಬೇರೆಯಾಗಿ ಅಡಿಗೆಮನೆಯಲ್ಲಿ ಸಿದ್ಧವಾಗಿರುವುವು. ಹೆಸರು ಕಿವಿಗೆ ಬಿದ್ದೊಡನೆ ಭಟ್ಟರು ಅವುಗಳನ್ನು ಕ್ರಮವಾಗಿ ಕೂಡಿಸುವರು. ಹಾಪರರು ಮಾಡಿದುದೂ ಅದನ್ನೇ. ಪರೀಕ್ಷಿಸಲ್ಪಟ್ಟ ಆದೇಶಗಳ ತುಣುಕುಗಳನ್ನು ಕಾಂತೀಯ ಪಟ್ಟಿಯ ಮೇಲೆ ಶೇಖರಿಸಿ, ಪ್ರತಿಯೊಂದಕ್ಕೂ ಒಂದು ಕರೆಸಂಖ್ಯೆಯನ್ನು ಕೊಟ್ಟರು. ಲೆಕ್ಕ ಮಾಡಿಸುವವನು ಕರೆಸಂಖ್ಯೆಗಳ ಪಟ್ಟಿಯನ್ನು ಬರೆದರೆ ಸಾಕು. ತುಣುಕುಗಳನ್ನು ಹುಡುಕುವುದು, ನಕಲು ಮಾಡುವುದು, ಸ್ಥಾನಸಂಖ್ಯೆಗಳನ್ನು ತಿದ್ದುವುದು, ಎಲ್ಲವನ್ನೂ ಹೊಂದಿಸಿ ಪೂರ್ಣವಾದ ಪ್ರೋಗ್ರಾಮನ್ನು ಬರೆಯುವುದು, ಇಷ್ಟೂ ಯಂತ್ರದ ಪಾಲಿಗೆ ಬಂದವು.

ಇದರಲ್ಲಿ ಒಂದು ಸಿಕ್ಕಿತ್ತು. ಪಟ್ಟಿಯನ್ನು ಒಂದೇ ಸಲ ಮೊದಲಿನಿಂದ ಕೊನೆಗೆ ಓದುತ್ತ ಬರೆಯುತ್ತ ಹೋಗಬೇಕು. ನಡುವೆ ಇನ್ನೂ ಬರೆಯದಿರುವ ಮುಂದಿನ ಭಾಗವೊಂದಕ್ಕೆ ಜಿಗಿಯಬೇಕೆಂಬ ಆದೇಶ ಬಂದರೆ, ಆ ಭಾಗದ ಸ್ಥಾನವು ಯಾವುದೆಂದು ಆಗಲೇ ತಿಳಿಯುವುದು ಹೇಗೆ? ತಮ್ಮ ಕಾಲೇಜು ದಿನಗಳ ಬ್ಯಾಸ್ಕೆಟ್‌ಬಾಲ್ ಆಟದಿಂದ ಹಾಪರರಿಗೆ ಉಪಾಯ ಹೊಳೆಯಿತು. ಅಂದಿನ ಸ್ತ್ರೀಯರ ಆಟದಲ್ಲಿ ಚೆಂಡನ್ನು ಹಿಡಿದು ಬಹುದೂರ ಓಡುವಂತಿರಲಿಲ್ಲ. ಗೆಳತಿಯ ಕೈಗೆ ಎಸೆದು, ತಾನು ಮುಂದೋಡಿ, ಅವಳಿಂದ ಮರಳಿ ಪಡೆಯಬೇಕಾಗಿತ್ತು. ಅದರಂತೆಯೇ ಯಂತ್ರದ ನೆನಪಿನ ಒಂದು ಮೂಲೆಯನ್ನು ಮೀಸಲಿರಿಸಿ, ಮುಂದಕ್ಕೆ ಜಿಗಿಯಬೇಕಾದ ಆದೇಶವನ್ನು ಆ ಮೂಲೆಗೆ ಕಳುಹಿಸಿದರು. ಮುಂದಿನ ಭಾಗದ ಸ್ಥಾನವು ಗೊತ್ತಾದೊಡನೆ ಅದನ್ನು ಆ ಮೂಲೆಯಲ್ಲಿ ಬರೆಯಿಸಿದರು. ಆದೇಶವು ಮೂಲೆಗೆ ಹೋಗಿ, ಅಲ್ಲಿಂದ ಸರಿಯಾದ ಸ್ಥಾನಕ್ಕೆ ತಲಪುವುದು.

೧೯೫೨ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗಿನ ಸಭೆಯಲ್ಲಿ ಅವರು ಈ ವಿಷಯವಾಗಿ ಪ್ರಬಂಧವನ್ನು ಮಂಡಿಸಿದರು. ಆಗ ಅವರಿಗೆ ೪೫ ವರ್ಷ ವಯಸ್ಸು. ಯಂತ್ರವು ಅಂಕಗಣಿತವನ್ನು ಮಾಡಬಲ್ಲುದೇ ಹೊರತು ಪ್ರೋಗ್ರಾಮನ್ನು ಬರೆಯಲಾರದೆಂದು ಬಲ್ಲವರು ತಲೆಯಾಡಿಸಿದರು. ನಂಬಿಕೆ ಹುಟ್ಟಲು ಕಾಲ ಹಿಡಿಯಿತು. ಇಂದಿನ ಪರಿಭಾಷೆಯಲ್ಲಿ ಎ ಸೊನ್ನೆಯನ್ನು ಪೂರ್ಣ ಕಂಪೈಲರೆನ್ನದೆ ತುಣುಕುಗಳನ್ನು ಜೋಡಿಸುವ ಸಾಧನವೆಂದು ಕೆಲವು ಪಂಡಿತರು ಹೇಳುವರು. ಆ ವಾದದಲ್ಲಿ ಸತ್ಯಾಂಶವಿದೆ. ಆದರೆ ಪ್ರೋಗ್ರಾಮನ್ನು ಬರೆಯುವ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಬಹುದೆಂದು ಅದು ತೋರಿಸಿಕೊಟ್ಟುದರಲ್ಲಿ ಸಂಶಯವಿಲ್ಲ. ಅದರ ಸುಧಾರಿತ ರೂಪವಾದ ಎ ಎರಡನ್ನು ೧೯೫೩ರಲ್ಲಿ ಗಿರಾಕಿಗಳಿಗೆ ಕೊಟ್ಟಾಗ, ಒಳಗಿನ ಬರವಣಿಗೆಯನ್ನೂ ಜೊತೆಗೆ ಕೊಟ್ಟು, ತಿದ್ದುಪಾಟುಗಳನ್ನು ಕಳುಹಿಸಬೇಕೆಂದು ಕೋರಲಾಯಿತು.

ಮೂರು ಭಾಷೆಗಳ ಪ್ರದರ್ಶನ

ಗಣಿತಜ್ಞರಿಗೆ ಸಂಕೇತಗಳು ಪ್ರಿಯವಾಗಬಹುದು. ಆದರೆ ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ, ಬಾಕಿಯ ಲೆಕ್ಕಗಳನ್ನು ನೋಡಿಕೊಳ್ಳುವವರು ಗಣಿತಜ್ಞರಲ್ಲ, ಸಾಮಾನ್ಯ ಗುಮಾಸ್ತರು. ಅವರಿಗೆ ತಿಳಿಯುವ ಸರಳ ವಾಕ್ಯಗಳಲ್ಲಿಯೇ ಆದೇಶಗಳನ್ನು ಬರೆಯುವಂತಾಗಬೇಕೆಂದು ಹಾಪರರು ಪಟ್ಟುಹಿಡಿದರು. ಕೂಡಿಸು, ಹೋಲಿಸು, ವರ್ಗಾಯಿಸು ಮುಂತಾದ ಕ್ರಿಯಾಪದವೊಂದು ಮೊದಲು, ಯಾವುದನ್ನು ಎಂಬುದು ಅನಂತರ. ವಾಕ್ಯವು ಇಂಥ ನಿಯತವಾದ ಕಟ್ಟಿನಲ್ಲಿದ್ದರೆ ಯಂತ್ರವು ಅದನ್ನು ಪದಪದವಾಗಿ ಬಿಡಿಸಿ, ಯಾವ ಕೆಲಸ, ಯಾವ ವಸ್ತುವಿನ ಮೇಲೆ ಎಂದು ಗುರುತಿಸಬಲ್ಲುದು.

೧೯೫೫ರ ಸುಮಾರಿಗೆ ಅವರು ಇದರ ಮಾದರಿಯೊಂದನ್ನು ಕಂಪೆನಿಯ ಮೇಲಧಿಕಾರಿಗಳ ಮುಂದಿಟ್ಟರು. ಯಂತ್ರಕ್ಕೆ ಇಂಗ್ಲಿಷೂ ಒಂದೇ, ಇನ್ನೊಂದೂ ಒಂದೇ, ಅದು ಗುರುತಿಸುವುದು ಅಕ್ಷರಗಳ ಜೋಡಣೆಯನ್ನು ಮಾತ್ರ ಎಂದು ತೋರಿಸುವ ಸಲುವಾಗಿ, ಅದೇ ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಿ, ಅನಂತರ ಫ್ರೆಂಚಿನಲ್ಲಿ, ಅನಂತರ ಜರ್ಮನ್ ಭಾಷೆಯಲ್ಲಿ ಬರೆದು ನಡೆಯಿಸಿದರು. ಮೂರರಿಂದಲೂ ಬಂದುದು ಒಂದೇ ಫಲ. ಅಧಿಕಾರಿಗಳು ಸಂತೋಷಪಡುವರೆಂದು ಅವರು ನಿರೀಕ್ಷಿಸಿದ್ದರು. ಆದುದು ವಿಪರೀತ. ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಅಮೇರಿಕದ ಯಂತ್ರವು ಫ್ರೆಂಚನ್ನೂ ಜರ್ಮನನ್ನೂ ಅರಿಯುವುದೆಂಬುದು ಅವರಿಗೆ ಅಸಂಬದ್ಧವಾಗಿ ಕಂಡಿತು. ಇಂಗ್ಲಿಷನ್ನು ಬಿಟ್ಟು ಬೇರೇನನ್ನೂ ಸೇರಿಸುವುದಿಲ್ಲವೆಂದು ವಚನಕೊಟ್ಟು ಅವರನ್ನು ಸಮಾಧಾನಪಡಿಸಲು ತಿಂಗಳುಗಳೇ ಹಿಡಿದವು.

ಈ ಪ್ರಸಂಗವು ವಾಚಕರು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಕಂಪ್ಯೂಟರು ಇಂಗ್ಲಿಷ್ ಬಲ್ಲವರ ಸೊತ್ತೆಂದು ನಮ್ಮಲ್ಲಿ ಅನೇಕ ತರುಣರು ಹಿಂಜರಿಯುತ್ತಾರೆ. ಪ್ರೋಗ್ರಾಮಿನ ಭಾಷೆಗಳಲ್ಲಿ ಇಂಗ್ಲಿಷ್ ಪದಗಳೇ ತುಂಬಿರುವುದು ನಿಜ. ಆದರೆ ಅದು ಯಂತ್ರದ ಸ್ವಭಾವದಿಂದ ಬಂದುದಲ್ಲ. ಯಂತ್ರವನ್ನು ಮಾಡಿದವರೂ ಕೊಂಡವರೂ ಆ ಭಾಷೆಯವರಾಗಿದ್ದುದರಿಂದ ಬಂದುದು. ಯಂತ್ರಕ್ಕೆ ಮಾತೃಭಾಷೆಯಿಲ್ಲ.

ಕೋಬಾಲ್

ಇಂಗ್ಲಿಷ್ ವಾಕ್ಯಗಳ ಆ ಭಾಷೆಯು ಫ್ಲೋಮ್ಯಾಟಿಕ್ ಎಂಬ ಹೆಸರಿನಿಂದ ೧೯೫೮ರ ಹೊತ್ತಿಗೆ ಬಳಕೆಗೆ ಬಂದಿತು. ಈ ನಡುವೆ ೧೯೫೭ರಲ್ಲಿ ಐಬಿಎಂ ಕಂಪೆನಿಯ ಜಾನ್ ಬ್ಯಾಕಸರ ತಂಡವು ವಿಜ್ಞಾನಿಗಳ ಸೂತ್ರಗಳಿಗಾಗಿ ಫೋರ್ಟ್ರಾನ್ ಎಂಬ ಭಾಷೆಯನ್ನೂ ಅದರ ಶ್ರೇಷ್ಠವಾದ ಕಂಪೈಲರನ್ನೂ ಹೊರತಂದಿತ್ತು. ವ್ಯಾಪಾರದ ಲೆಕ್ಕಕ್ಕೆ ಮಾತ್ರ ಒಂದೊಂದು ಕಂಪೆನಿಯ ಯಂತ್ರಕ್ಕೂ ಒಂದೊಂದು ಭಾಷೆ ಹುಟ್ಟುವ ಭಯವಿತ್ತು. ಯಂತ್ರವನ್ನು ಬದಲಾಯಿಸಿದರೆ ವರ್ಷಗಟ್ಟಲೆಯ ಬರವಣಿಗೆಯೆಲ್ಲ ವ್ಯರ್ಥ. ಇದನ್ನು ತಪ್ಪಿಸಲು ೧೯೫೯ರ ಮೇ ತಿಂಗಳಲ್ಲಿ ಅಮೇರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸರಕಾರದವರೂ ಕಂಪೆನಿಗಳವರೂ ಸಭೆ ಸೇರಿ, ಎಲ್ಲ ಯಂತ್ರಗಳಿಗೂ ಸಮಾನವಾದ ವ್ಯಾಪಾರಭಾಷೆಯನ್ನು ರಚಿಸಲು ಸಮಿತಿಗಳನ್ನು ನೇಮಿಸಿದರು. ಹೀಗೆ ಹುಟ್ಟಿದುದೇ ಕೋಬಾಲ್.

ಹಾಪರರನ್ನು ಕೋಬಾಲಿನ ತಾಯಿಯೆನ್ನುವುದುಂಟು. ವಾಸ್ತವದಲ್ಲಿ ಅವರು ಸಲಹೆಗಾರರಾಗಿದ್ದರು. ಕೂತು ಬರೆದವರು ಜೀನ್ ಸ್ಯಾಮೆಟ್ ಮೊದಲಾದವರು. ಆದರೆ ಅವರ ಮುಂದಿದ್ದ ಪ್ರಧಾನ ಮಾದರಿಯು ಫ್ಲೋಮ್ಯಾಟಿಕ್ಕೇ. ೧೯೬೦ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮು ಎರಡು ಬೇರೆ ಬೇರೆ ಕಂಪೆನಿಗಳ ಯಂತ್ರಗಳ ಮೇಲೆ, ಅಲ್ಪಸ್ವಲ್ಪ ಬದಲಾವಣೆಯೊಡನೆ, ಯಶಸ್ವಿಯಾಗಿ ನಡೆಯಿತು. ಅಲ್ಲಿಂದ ಮುಂದೆ ಬ್ಯಾಂಕು, ವಿಮೆ, ಸರಕಾರಿ ಖಜಾನೆಗಳ ಲೆಕ್ಕವೆಲ್ಲ ಈ ಭಾಷೆಯನ್ನು ಆಶ್ರಯಿಸಿತು.

ಅದರಲ್ಲಿ ದೋಷಗಳಿಲ್ಲದಿಲ್ಲ. ಒಂದು ಸಾಲಿನಲ್ಲಿ ಮುಗಿಯುವುದನ್ನು ಹತ್ತು ಸಾಲುಗಳಲ್ಲಿ ಬರೆಯಿಸುವುದೆಂದು ವಿದ್ವಾಂಸರು ಹಳಿದರು. ನೆನಪಿನ ಸ್ಥಳವು ದುಬಾರಿಯಾಗಿದ್ದ ದಿನಗಳಲ್ಲಿ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುವ ರೂಢಿ ಬಿದ್ದು, ೨೦೦೦ನೆಯ ಇಸವಿ ಸಮೀಪಿಸಿದಾಗ ಜಗತ್ತಿನ ಕಚೇರಿಗಳೆಲ್ಲ ಗಾಬರಿಗೊಂಡವು. ಆ ತಿದ್ದುವ ಕೆಲಸದಲ್ಲಿ ಬೆಂಗಳೂರು, ಪುಣೆ, ಹೈದರಾಬಾದು ಮೊದಲಾದೆಡೆಗಳ ಸಾವಿರಾರು ತರುಣರು ಉದ್ಯೋಗವನ್ನು ಕಂಡುಕೊಂಡರೆಂಬುದು ನಮಗೆ ಸಂಬಂಧಿಸಿದ ಮಾತು. ೨೦೨೦ರ ಮಹಾಮಾರಿಯ ಕಾಲದಲ್ಲಿ ನಿರುದ್ಯೋಗದ ಭತ್ಯೆಗೆ ಅರ್ಜಿಗಳು ಪ್ರವಾಹದಂತೆ ಬಂದಾಗ, ಕೋಬಾಲ್ ಬಲ್ಲವರು ಮುಂದೆ ಬರಬೇಕೆಂದು ಅಮೇರಿಕದ ನ್ಯೂಜೆರ್ಸಿಯ ಗವರ್ನರರು ಬಹಿರಂಗವಾಗಿ ಕೇಳಿಕೊಂಡರು. ಅರುವತ್ತು ವರ್ಷದ ಭಾಷೆಯು ಆಗಲೂ ಬಡವರ ಭತ್ಯೆಯ ಲೆಕ್ಕವನ್ನು ಹೊತ್ತುಕೊಂಡಿತ್ತು.

ಮತ್ತೆ ಮತ್ತೆ ಬಂದ ಕರೆ

೧೯೬೬ರ ಕೊನೆಯಲ್ಲಿ ನೌಕಾದಳದ ಮೀಸಲು ಪಡೆಯಿಂದ ಹಾಪರರನ್ನು ವಯಸ್ಸಿನ ಕಾರಣದಿಂದ ನಿವೃತ್ತಿಗೊಳಿಸಲಾಯಿತು. ಏಳು ತಿಂಗಳು ಕಳೆಯುವಷ್ಟರಲ್ಲಿ, ೧೯೬೭ರ ಆಗಸ್ಟಿನಲ್ಲಿ, ನೌಕಾದಳವು ಅವರನ್ನು ಆರು ತಿಂಗಳ ಮಟ್ಟಿಗೆಂದು ಮರಳಿ ಕರೆಯಿತು. ಬೇರೆ ಬೇರೆ ಕಂಪೆನಿಗಳ ಕೋಬಾಲ್ ಕಂಪೈಲರುಗಳು ಒಂದಕ್ಕೊಂದು ಹೊಂದದೆ ನೌಕಾದಳದ ಲೆಕ್ಕಗಳು ಗೋಜಲಾಗಿದ್ದವು. ಹಾಪರರ ಮೇಲ್ವಿಚಾರಣೆಯಲ್ಲಿ, ಕಂಪೈಲರು ನಿಯಮಕ್ಕೆ ಸರಿಯಾಗಿದೆಯೇ ಎಂದು ಒರೆಹಚ್ಚುವ ಪರೀಕ್ಷಾ ಪ್ರೋಗ್ರಾಮುಗಳು ಸಿದ್ಧವಾದವು. ಅಂಗಡಿಯ ತೂಕದ ಕಲ್ಲುಗಳನ್ನು ಸರಕಾರದ ಮುದ್ರೆಯ ಕಲ್ಲಿನೊಡನೆ ಹೋಲಿಸಿ ನೋಡುವಂಥ ಕೆಲಸವಿದು. ಆರು ತಿಂಗಳ ಕರೆಯು ಹತ್ತೊಂಬತ್ತು ವರ್ಷಗಳವರೆಗೆ ಬೆಳೆಯಿತು. ನಡುವೆ ೧೯೭೧ರಲ್ಲಿ ನಿವೃತ್ತರಾಗಿ, ಮರುವರ್ಷ ಮತ್ತೆ ಕರೆಯಲ್ಪಟ್ಟರು.

ಈ ವರ್ಷಗಳಲ್ಲಿ ಅವರು ಊರೂರು ಸುತ್ತಿ ಉಪನ್ಯಾಸಗಳನ್ನು ಕೊಟ್ಟರು. ಸುಮಾರು ಒಂದು ಅಡಿ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಬೆಳಕು ಕ್ರಮಿಸುವ ದೂರ ಅಷ್ಟೇ ಎಂಬುದನ್ನು ಕೈಗೆ ಕೊಟ್ಟು ತಿಳಿಸುವ ರೀತಿಯದು. ಹಿಂದಿನಿಂದ ಹೀಗೆಯೇ ಮಾಡುತ್ತ ಬಂದಿರುವೆವೆಂಬ ಮಾತನ್ನು ಅವರು ಸಹಿಸುತ್ತಿರಲಿಲ್ಲ. ಅದರ ಕುರುಹಾಗಿ ಅವರ ಕೋಣೆಯ ಗೋಡೆಯ ಮೇಲೆ ಮುಳ್ಳುಗಳು ಹಿಂದುಮುಂದಾಗಿ ತಿರುಗುವ ಗಡಿಯಾರವೊಂದಿತ್ತು. ಬಾಲ್ಯದಲ್ಲಿ ಏಳು ಗಡಿಯಾರಗಳನ್ನು ಬಿಚ್ಚಿದವರಿಗೆ ಅದು ತಕ್ಕುದೇ ಆಗಿತ್ತು.

೧೯೬೯ರಲ್ಲಿ ಕಂಪ್ಯೂಟರ್ ವೃತ್ತಿಯವರ ಸಂಘವೊಂದು ವರ್ಷದ ಶ್ರೇಷ್ಠ ಪುರುಷನೆಂಬ ತನ್ನ ಬಿರುದನ್ನು ಮೊತ್ತಮೊದಲು ಕೊಟ್ಟುದು ಈ ಮಹಿಳೆಗೆ! ೧೯೮೬ರ ಆಗಸ್ಟ್ ೧೪ರಂದು, ೭೯ನೆಯ ವಯಸ್ಸಿನಲ್ಲಿ, ಬಾಸ್ಟನ್ ಬಂದರಿನಲ್ಲಿದ್ದ ಕಾನ್‌ಸ್ಟಿಟ್ಯೂಷನ್ ಎಂಬ ಪುರಾತನ ಹಡಗಿನ ಮೇಲೆ ರಿಯರ್ ಅಡ್ಮಿರಲ್ ಪದವಿಯಿಂದ ಅವರು ಕೊನೆಯ ಬಾರಿಗೆ ನಿವೃತ್ತರಾದರು. ಆ ಮೇಲೂ ಸುಮ್ಮನೆ ಕೂಡದೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪೆನಿಯಲ್ಲಿ ಸಲಹೆಗಾರರಾದರು. ೧೯೯೨ರ ಜನವರಿ ೧ರಂದು, ೮೫ನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ಪ್ರಾಣಬಿಟ್ಟರು. ನೌಕಾದಳವು ಯುದ್ಧನೌಕೆಯೊಂದಕ್ಕೆ ಅವರ ಹೆಸರನ್ನಿಟ್ಟಿತು. ಯೇಲ್ ವಿಶ್ವವಿದ್ಯಾಲಯವು ೨೦೧೭ರಲ್ಲಿ ತನ್ನ ಕಾಲೇಜೊಂದನ್ನು ಅವರ ಹೆಸರಿನಿಂದ ಕರೆಯಿತು.

ಅವರು ಕಣ್ಣುಮುಚ್ಚುವ ಕೆಲವೇ ತಿಂಗಳ ಮುನ್ನ, ೧೯೯೧ರಲ್ಲಿ, ಜಗತ್ತಿನ ಲಿಪಿಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಪಟ್ಟಿಯ ಮೊದಲ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಕನ್ನಡದ ಅಕ್ಷರಗಳಿಗೂ ಸ್ಥಾನ ದೊರೆಯಿತು. ಇಂದು ನಮ್ಮ ಕೈಯ ಫೋನಿನಲ್ಲಿ ಊರಿನವರಿಗೆ ಕನ್ನಡದಲ್ಲಿಯೇ ಬರೆಯಲು ಸಾಧ್ಯವಾಗಿರುವುದು ಇಂಥ ಏರ್ಪಾಡಿನಿಂದ. ಫ್ರೆಂಚು ಜರ್ಮನುಗಳು ಯಂತ್ರಕ್ಕೆ ಒಗ್ಗುವುವೆಂದು ಹಾಪರರು ತೋರಿಸಿದುದು ಕನ್ನಡಕ್ಕೂ ಸಲ್ಲುತ್ತದೆ. ಮಾಡಬೇಕಾದವರು ಮಾತ್ರ ಬೇಕು. ಹಗಲೆಲ್ಲ ಮೇಜು ಒರೆಸಿ, ಲೆಕ್ಕ ಬರೆದು, ಸಂಜೆ ಪುಸ್ತಕವನ್ನು ಹಿಡಿಯುವ ನಮ್ಮ ತರುಣರಲ್ಲಿ ಅಂಥವರು ಇಲ್ಲವೆಂದು ಹೇಳಲಾಗದು. ಭಾಷೆಯ ಪರೀಕ್ಷೆಯಲ್ಲಿ ಒಮ್ಮೆ ಹಿಂದೆ ಬಿದ್ದವರೂ, ವಯಸ್ಸು ಮೀರಿತೆಂದು ಅನ್ನಿಸಿಕೊಂಡವರೂ ಈ ಚರಿತ್ರವನ್ನು ಎರಡನೆಯ ಸಲ ಓದಲಿ.